ಇದು ಯಾರ ಕರ್ಮ?

ಕರ್ಮಸಿದ್ಧಾಂತದ ಬಗ್ಗೆ ನಮ್ಮ ದೇವಸ್ಥಾನದಲ್ಲಿ ಎಷ್ಟೋ ಉಪನ್ಯಾಸಗಳು ನಡೆದಿವೆ. ಹೆಚ್ಚಿನವನ್ನು ನಾನು ಮುಂದಿನ ಸಾಲಿನಲ್ಲೇ ಕುಳಿತು ಕೇಳಿದ್ದೇನೆ. ಆದರೂ ಈ ವಿಷಯದಲ್ಲಿ ನಾನು ಕಲಿತ ದೊಡ್ಡ ಪಾಠ ನನ್ನದೇ ಬಾಯಿಂದ ಜಾರಿದ ಒಂದು ಮಾತಿನಿಂದ ಬಂದದ್ದು. ಸಂಕೋಚದಿಂದಲೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು ಡಲ್ಲಾಸ್‌ನಲ್ಲಿದ್ದಾಳೆ. 2024ರಲ್ಲಿ ಅವಳು ಚೊಚ್ಚಲ ಗರ್ಭಿಣಿ. ಜೂನ್ ತಿಂಗಳ ಸ್ಕ್ಯಾನ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ಸೆಪ್ಟೆಂಬರಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿದಾಗ ಮಗುವಿನ ಬಾಯಿಂದ ಒಂದು ಗಂಟು ಹೊರಚಾಚಿರುವುದು ಕಂಡಿತು. ಅವಳು ಅಳುತ್ತಾ ನನಗೆ ಫೋನ್ ಮಾಡಿದಳು. ಆಗ ನಾನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಏಪ್ರಿಲ್‌ನಲ್ಲಿ ಗ್ರಹಣ ಹಿಡಿದಿತ್ತಲ್ಲ, ಆವತ್ತು ನೀನೇನಾದರೂ ಹೊರಗೆ ಹೋಗಿದ್ದೆಯೇನೇ?"

ಏಪ್ರಿಲ್ 8ರಂದು ಡಲ್ಲಾಸ್‌ನಲ್ಲಿ ಮಟಮಟ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣ. ಅವಳಿಗೆ ಆಗ ಮೂರನೇ ತಿಂಗಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ ಚಿಕ್ಕಮ್ಮ, ಆಫೀಸಿನವರೆಲ್ಲ ಹೊರಗೆ ಹೋಗಿದ್ದರು, ನಾನೂ ಹೋಗಿದ್ದೆ" ಎಂದಳು. ಮುಂದೆ ಮಾತಿಲ್ಲ. ಫೋನ್ ಇಟ್ಟಳು.

ಕೆಟ್ಟ ಮನಸ್ಸಿನಿಂದ ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ನಮ್ಮ ತಾಯಿ, ಅಜ್ಜಿ ಗ್ರಹಣದ ಹೊತ್ತಿನಲ್ಲಿ ಬಸುರಿಯರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಕತ್ತರಿ, ಈಳಿಗೆಮಣೆ ಮುಟ್ಟಬೇಡ ಎನ್ನುತ್ತಿದ್ದುದನ್ನು ಕಂಡು ಬೆಳೆದವಳು ನಾನು. ಭಯವಾದಾಗ ಆ ಹಳೆಯ ಮಾತೇ ಮೊದಲು ಬಾಯಿಗೆ ಬಂತು. ಆದರೆ ಕೇಳಿಸಿಕೊಂಡ ತಾಯಿಗೆ ಅದು ಪ್ರಶ್ನೆಯಾಗಿರಲಿಲ್ಲ, ತೀರ್ಪಾಗಿತ್ತು.

ಮಗುವಿಗೆ ಆಗಿದ್ದೇನು ಎಂಬುದನ್ನು ಆಮೇಲೆ ತಿಳಿದುಕೊಂಡೆ. ವಸಡಿನ ಮೇಲೆ ಬೆಳೆಯುವ ಈ ಗಂಟಿಗೆ ಕಂಜೆನಿಟಲ್ ಎಪ್ಯುಲಿಸ್ ಎನ್ನುತ್ತಾರೆ. ಬಹಳ ಅಪರೂಪ. ನ್ಯೂಮನ್ ಎಂಬ ಜರ್ಮನ್ ವೈದ್ಯರು 1871ರಲ್ಲೇ ಇದನ್ನು ವರ್ಣಿಸಿದ್ದಾರೆ. ಹೆಣ್ಣು ಮಕ್ಕಳಲ್ಲೇ ಹೆಚ್ಚು, ಅದೂ ಸಾಮಾನ್ಯವಾಗಿ ಮೇಲಿನ ವಸಡಿನಲ್ಲಿ. ಸ್ಕ್ಯಾನ್‌ನಲ್ಲಿ ಕಾಣಿಸುವುದು ಸಾಮಾನ್ಯವಾಗಿ ಕೊನೆಯ ಮೂರು ತಿಂಗಳಲ್ಲಿ. ಇದು ಕ್ಯಾನ್ಸರ್ ಅಲ್ಲ. ಹುಟ್ಟಿದ ಮೇಲೆ ಬೆಳೆಯುವುದೂ ಇಲ್ಲ, ತೆಗೆದ ಮೇಲೆ ಮರಳಿ ಬರುವುದೂ ಇಲ್ಲ. ಆದರೆ ದೊಡ್ಡದಾಗಿದ್ದರೆ ಮಗುವಿಗೆ ಬಾಯಿ ಮುಚ್ಚಲಾಗದು, ಹಾಲು ಕುಡಿಯಲಾಗದು. ಏಕೆ ಬರುತ್ತದೆ ಎಂಬುದು ಇಂದಿಗೂ ಗೊತ್ತಿಲ್ಲ.

ಇದಕ್ಕಿಂತ ಘೋರವಾದವೂ ಇವೆ. ಅಂಗುಳಿನಿಂದಲೋ ಕುತ್ತಿಗೆಯಿಂದಲೋ ಬೆಳೆಯುವ ಟೆರಟೋಮ ಎಂಬ ಗೆಡ್ಡೆ ಮಗುವಿನ ಉಸಿರಿನ ದಾರಿಯನ್ನೇ ಮುಚ್ಚಿಬಿಡಬಹುದು. ಗರ್ಭದೊಳಗೆ ಶ್ವಾಸಕೋಶದ ಕೆಲಸವನ್ನು ಮಾಸು ಮಾಡುವುದರಿಂದ ತೊಂದರೆಯಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದಲೇ ಅಪಾಯ. ಅದಕ್ಕಾಗಿ 1990ರ ದಶಕದಲ್ಲಿ ರೂಪುಗೊಂಡ ಎಕ್ಸಿಟ್ ಎಂಬ ವಿಧಾನವಿದೆ. ತಾಯಿಗೆ ಗಾಢ ಅರಿವಳಿಕೆ ಕೊಟ್ಟು, ಗರ್ಭಕೋಶ ಸಂಕುಚಿಸದಂತೆ ನೋಡಿಕೊಂಡು, ಮಗುವಿನ ತಲೆ ಮತ್ತು ಭುಜಗಳನ್ನು ಮಾತ್ರ ಹೊರತರುತ್ತಾರೆ. ಬಳ್ಳಿಯನ್ನು ಕತ್ತರಿಸುವುದಿಲ್ಲ. ತಾಯಿಯ ರಕ್ತದಿಂದಲೇ ಮಗುವಿಗೆ ಆಮ್ಲಜನಕ ಸಿಗುತ್ತಿರುವಾಗ ವೈದ್ಯರು ಶ್ವಾಸನಾಳಕ್ಕೆ ಕೊಳವೆ ಸೇರಿಸುತ್ತಾರೆ, ಆಗದಿದ್ದರೆ ಕುತ್ತಿಗೆಯಲ್ಲಿ ದಾರಿ ಮಾಡುತ್ತಾರೆ. ಉಸಿರು ಭದ್ರವಾದ ಮೇಲೆಯೇ ಬಳ್ಳಿಗೆ ಕತ್ತರಿ. ಇಷ್ಟೆಲ್ಲ ಮಾಡಿಯೂ ಕೆಲವು ಮಕ್ಕಳು ಉಳಿಯುವುದಿಲ್ಲ.

ಟೆರಟೋಮ ಎಂಬ ಹೆಸರಿನಲ್ಲಿರುವ 'ಟೆರಾಸ್' ಎಂಬ ಗ್ರೀಕ್ ಪದಕ್ಕೆ ರಾಕ್ಷಸಾಕಾರ ಎಂಬ ಅರ್ಥವಿದೆ, ದೇವತೆಗಳು ಕಳಿಸಿದ ಶಕುನ ಎಂಬ ಅರ್ಥವೂ ಇದೆ. ಅಂದರೆ ಕೂಸಿನ ಮುಖದಲ್ಲಿ ಅಪಶಕುನ ಓದುವ ಚಾಳಿ ನಮ್ಮೊಬ್ಬರದೇ ಅಲ್ಲ. ಕಾರಣ ಗೊತ್ತಿಲ್ಲ ಎಂಬ ಉತ್ತರವನ್ನು ಮನುಷ್ಯನ ಮನಸ್ಸು ಸಹಿಸುವುದಿಲ್ಲ. ಆ ಖಾಲಿ ಜಾಗದಲ್ಲಿ ಯಾರನ್ನಾದರೂ ತಂದು ನಿಲ್ಲಿಸಬೇಕು. ಅಲ್ಲಿ ಸಾಮಾನ್ಯವಾಗಿ ನಿಲ್ಲುವವಳು ತಾಯಿ.

ಹಾಗಾದರೆ ಕರ್ಮವೆಂಬುದು ಇಲ್ಲವೇ ಎಂದು ನೀವು ಕೇಳಬಹುದು. ನನಗೆ ಅದರಲ್ಲಿ ನಂಬಿಕೆಯಿದೆ, ಇಂದಿಗೂ ಇದೆ. ಆದರೆ ಕರ್ಮದ ಗತಿ ತಿಳಿಯುವುದು ಕಷ್ಟವೆಂದು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನೇ ಅರ್ಜುನನಿಗೆ ಹೇಳುತ್ತಾನೆ. ಅರ್ಜುನನಂಥವನಿಗೆ ಕಷ್ಟವಾದದ್ದು ನನಗೆ ಫೋನಿನಲ್ಲಿ ಎರಡು ನಿಮಿಷಕ್ಕೆ ತಿಳಿದುಬಿಟ್ಟಿತೇ? ನನ್ನ ಕಷ್ಟ ಬಂದಾಗ ಇದು ನನ್ನ ಕರ್ಮ ಎಂದು ನಾನೇ ಅಂದುಕೊಂಡರೆ ಅದರಿಂದ ಸಹನೆ ಬರಬಹುದು, ನಾಳೆ ಸರಿಯಾಗಿ ನಡೆಯುವ ಬುದ್ಧಿ ಬರಬಹುದು. ಅದೇ ಮಾತನ್ನು ಇನ್ನೊಬ್ಬರ ತೊಟ್ಟಿಲ ಮುಂದೆ ನಿಂತು ಆಡಿದರೆ ನಾವು ಸಹಾಯ ಮಾಡಬೇಕಾದ ಹೊಣೆಯಿಂದ ಜಾರಿಕೊಳ್ಳುತ್ತೇವೆ, ಅಷ್ಟೆ.

ಮಹಾಭಾರತದ ವನಪರ್ವದಲ್ಲಿ ಬರುವ ಅಷ್ಟಾವಕ್ರನ ಕಥೆ ನಿಮಗೆಲ್ಲ ಗೊತ್ತು. ಗರ್ಭದಲ್ಲಿದ್ದಾಗಲೇ ತಂದೆ ಕಹೋಡನ ವೇದಪಾಠದ ತಪ್ಪನ್ನು ಹೇಳಿದ ಶಿಶು, ತಂದೆಯ ಕೋಪದ ಶಾಪದಿಂದ ಎಂಟು ಕಡೆ ಸೊಟ್ಟಾಗಿ ಹುಟ್ಟಿತು. ಈ ಕಥೆಯಲ್ಲಿ ಕಾರಣ ಸ್ಪಷ್ಟವಾಗಿದೆ, ತಪ್ಪು ಮಗುವಿನದೂ ಅಲ್ಲ, ತಾಯಿಯದೂ ಅಲ್ಲ. ನಾವು ಸಾಮಾನ್ಯವಾಗಿ ಜನಕನ ಆಸ್ಥಾನದ ವಾದದವರೆಗೆ ಹೇಳಿ ಕಥೆ ಮುಗಿಸುತ್ತೇವೆ. ಮೂಲದಲ್ಲಿ ಇನ್ನೂ ಸ್ವಲ್ಪ ಇದೆ. ಮಗನಿಂದ ಬಿಡುಗಡೆ ಹೊಂದಿದ ಅದೇ ತಂದೆ, ಸಮಂಗಾ ನದಿಯಲ್ಲಿ ಮುಳುಗಿ ಬಾ ಎಂದು ಮಗನನ್ನು ಕಳಿಸುತ್ತಾನೆ. ಅವನ ಅಂಗಗಳು ನೇರವಾಗುತ್ತವೆ. ಶಾಪ ಕೊಟ್ಟವನೇ ಪರಿಹಾರದ ದಾರಿಯನ್ನೂ ತೋರಿಸಿದ. ನನಗೆ ಈ ಭಾಗ ಈಗ ಬೇರೆಯೇ ರೀತಿ ಕಾಣುತ್ತದೆ. ಹೇಗೆ ಬಂತು ಎಂಬುದು ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ, ಮಗುವನ್ನು ನದಿಗೆ ಕರೆದೊಯ್ಯುವ ಕೆಲಸ ದೊಡ್ಡವರದು.

ನಮ್ಮ ಮಗು ವಿಜಯದಶಮಿಯ ಮರುವಾರ ಹುಟ್ಟಿತು. ಹೆಣ್ಣು ಮಗು. ಉಸಿರಾಟಕ್ಕೆ ತೊಂದರೆ ಇರಲಿಲ್ಲ. ಮೊದಲೆರಡು ದಿನ ಬಂದ ಫೋಟೋಗಳಲ್ಲಿ ಬರೀ ಪುಟ್ಟ ಪಾದಗಳು. ಮುಖವಿಲ್ಲ. ಯಾಕೆಂದು ನನಗೆ ತಿಳಿಯಿತು. ವಿಡಿಯೋ ಕರೆ ಮಾಡಿ, "ತಪ್ಪು ಮಾತಾಡಿದೆ ಕಣೇ, ಮನಸ್ಸಿಗೆ ಹಚ್ಚಿಕೋಬೇಡ. ನಮ್ಮ ಪುಟ್ಟಿಯ ಮುಖ ತೋರಿಸು" ಎಂದೆ. ತೋರಿಸಿದಳು. ನೆಲ್ಲಿಕಾಯಿ ಗಾತ್ರದ ಕೆಂಪು ಗಂಟು ತುಟಿಗಳ ನಡುವೆ. ಮೇಲೆ ಪಿಳಿಪಿಳಿ ಬಿಡುವ ಎರಡು ಕಣ್ಣು, ನನ್ನ ಅಕ್ಕನದೇ ಹಣೆ.

ಆಗ ಅವಳೊಂದು ಮಾತು ಹೇಳಿದಳು. ಗ್ರಹಣದ ವಿಷಯವನ್ನು ಅವಳು ಸರ್ಜನ್ ಹತ್ತಿರವೂ ಕೇಳಿದ್ದಳಂತೆ. ಅವರು ನಗಲಿಲ್ಲವಂತೆ. "ಆ ದಿನ ಈ ಊರಿನಲ್ಲಿ ಎಷ್ಟು ಜನ ಗರ್ಭಿಣಿಯರು ಹೊರಗೆ ನಿಂತು ನೋಡಿರಬೇಕು! ಅದರಿಂದ ಹೀಗಾಗುವುದಾದರೆ ನನ್ನ ವಾರ್ಡ್ ತುಂಬಿರಬೇಕಿತ್ತು. ನೀವು ಏನೂ ಮಾಡಿಲ್ಲ" ಎಂದರಂತೆ. ಆ ಕೊನೆಯ ಮಾತನ್ನು ಸೆಪ್ಟೆಂಬರಿನಲ್ಲಿ ನಾನು ಹೇಳಬೇಕಿತ್ತು.

ಮೂರನೆಯ ದಿನ ಅರಿವಳಿಕೆ ಕೊಟ್ಟು, ಗಂಟನ್ನು ಅದರ ತೊಟ್ಟಿನ ಬಳಿ ಕತ್ತರಿಸಿ ತೆಗೆದರು. ಆ ಸಂಜೆಯೇ ಮಗು ಹಾಲು ಕುಡಿಯಿತು. ದೀಪಾವಳಿ ಕಳೆದ ಮೇಲೆ ನಾಮಕರಣವಾಯಿತು. ಈಗ ಹಲ್ಲುಗಳೂ ಸರಿಯಾಗಿ ಬಂದಿವೆ.

ನಮ್ಮ ಸಮುದಾಯದಲ್ಲಿ ಯಾವುದಾದರೂ ಮನೆಗೆ ಇಂಥ ಸುದ್ದಿ ಬಂದರೆ, ನಾನು ಕೇಳಿದ ಪ್ರಶ್ನೆಯನ್ನು ದಯವಿಟ್ಟು ನೀವು ಕೇಳಬೇಡಿ. ರಾತ್ರಿ ಆಸ್ಪತ್ರೆಯಲ್ಲಿ ಯಾರಿರುತ್ತೀರಿ, ಅನ್ನ ಸಾರು ಮಾಡಿ ತರಲೇ, ದೊಡ್ಡ ಮಗುವನ್ನು ನಮ್ಮ ಮನೆಯಲ್ಲಿ ಬಿಡುತ್ತೀರಾ ಎಂದು ಕೇಳಿ. ಆಮೇಲೆ, ಮಗುವಿನ ಮುಖ ನೋಡಬಹುದೇ ಎಂದು ಕೇಳಿ. ತೋರಿಸಿದರೆ ಕಣ್ಣು ತಿರುಗಿಸದೆ ನೋಡಿ. ಆ ಕೂಸಿನಲ್ಲೂ ಇರುವ ಭಗವಂತ ನಮಗೆಲ್ಲರಿಗೂ ಅಂಥ ನೋಟವನ್ನು, ಅಂಥ ಮಾತನ್ನು ಕೊಡಲಿ.