ಲಕ್ಕಮ್ಮನ ಕೈತೂಕ



ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ತಂದ ಗಂಟು ಎಂದಿಗಿಂತ ದಪ್ಪಗಿತ್ತು. ಅವರ ಪತ್ನಿ ಲಕ್ಕಮ್ಮ ಅದನ್ನು ಕೈಗೆತ್ತಿಕೊಂಡರು, ಭಾರ ತಿಳಿಯಿತು. ತಂದವರು ಕೈಹಿಡಿದ ಗಂಡ; ಆ ದಿನದ ದಾಸೋಹ ನಡೆಯಬೇಕಾದದ್ದೂ ಅದೇ ಅಕ್ಕಿಯಿಂದ. ಆದರೂ ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬನ್ನಿ ಎಂದು ಕಳುಹಿಸಿದರು.

ಇಂದು ಹಾಗೆ ತೂಕ ನೋಡುವ ಕೆಲಸ ಲೆಕ್ಕಪರಿಶೋಧಕರದು. ನಮ್ಮ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ, ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಲೆಕ್ಕ ನೋಡುವವರು ಈ ಸಭೆಯಲ್ಲೂ ಇದ್ದೀರಿ. ಆಡಿಟ್ ಗಡುವು ಬಂತೆಂದರೆ ನೀವು ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. “ಹೋದ ವರ್ಷದ ಹಾಗೇ ಇದೆ, ಸಹಿ ಹಾಕಿಬಿಡಿ” ಎಂಬ ಮಾತು ಕಿವಿಗೆ ಹಿತವಾಗುವುದು ಅಂಥ ದಣಿದ ಹೊತ್ತಿನಲ್ಲೇ.

ಆ ಸಹಿಯನ್ನು ಯಾರು ನಂಬಿದ್ದಾರೆ? 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿತು. ನಿವೃತ್ತಿಯ ಹಣವನ್ನು ಅಲ್ಲಿಟ್ಟಿದ್ದ ಹಿರಿಯರು ದಿಕ್ಕುತೋಚದೆ ನಿಂತರು. ಬ್ಯಾಲೆನ್ಸ್ ಶೀಟ್ ಓದಿ ಹಣ ಇಡುವ ಅಜ್ಜಿ ಎಲ್ಲಿದ್ದಾಳೆ? ಓದಬಲ್ಲವರು ನಮ್ಮ ಪರವಾಗಿ ಓದಿದ್ದಾರೆ ಎಂಬುದೊಂದೇ ಅವಳ ಧೈರ್ಯ.

ಕಾನೂನು ಈ ನಂಬಿಕೆಗೆ ಬೆಲೆ ಕಟ್ಟಿದೆ. 2013ರ ಕಂಪನಿ ಕಾಯ್ದೆಯಂತೆ, 1 ಕೋಟಿ ರೂಪಾಯಿ ಅಥವಾ ಅದಕ್ಕೂ ಮಿಕ್ಕ ವಂಚನೆ ನಡೆದಿದೆ ಎನ್ನಲು ಕಾರಣ ಕಂಡರೆ ಪರಿಶೋಧಕರು ಕೇಂದ್ರ ಸರ್ಕಾರಕ್ಕೆ ವರದಿ ಮಾಡಲೇಬೇಕು. ನಮ್ಮ ಚಿಕ್ಕಮಗಳೂರಿನ ಕಾಫಿಯಿಂದ ಬೆಳೆದ ಕಾಫಿ ಡೇ ಸಮೂಹವನ್ನೇ ನೋಡಿ. ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸೇರಿದ ಕಂಪನಿಗೆ ಹೋಗಿತ್ತೆಂದು ಸೆಬಿ ಹೇಳಿತು. 2023ರಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವು ಆಡಿಟ್‌ನಲ್ಲಿ ಲೋಪ ಎಸಗಿದ್ದಕ್ಕಾಗಿ ಆ ಸಮೂಹದ ಲೆಕ್ಕಪರಿಶೋಧಕರಿಗೆ ದಂಡ ಹಾಕಿ, ವರ್ಷಗಟ್ಟಲೆ ಆಡಿಟ್ ಮಾಡದಂತೆ ತಡೆಯಿತು.

ಶುಲ್ಕ ಕೊಡುವವರನ್ನೇ ಪ್ರಶ್ನಿಸುವುದು ಹೇಗೆ ಎಂದು ನೀವು ಕೇಳಬಹುದು. ಕಷ್ಟವೇ, ನಾನು ಅಲ್ಲಗಳೆಯುವುದಿಲ್ಲ. ಲಕ್ಕಮ್ಮ ತಡೆದದ್ದೂ ತನ್ನ ಮನೆಗೆ ಬಂದ ಅಕ್ಕಿಯನ್ನೇ. ಹಾಗೆ ತಡೆದದ್ದರಿಂದ ಗಂಡನ ಕಾಯಕ ಕೆಡಲಿಲ್ಲ, ಉಳಿಯಿತು. ನೋಡದೆ ಹಾಕಿದ ಸಹಿ ಕಾಯಕವಲ್ಲ. ಅದರ ಕೂಲಿ ದಾಸೋಹಕ್ಕೂ ಸಲ್ಲದು.

ಆದ್ದರಿಂದ ಗೋದಾಮಿಗೆ ಹೋಗಿ ಸರಕು ಎಣಿಸಿ. ಶಿಲ್ಕಿನ ದೃಢೀಕರಣವನ್ನು ಬ್ಯಾಂಕಿನಿಂದ ನೇರವಾಗಿ ತರಿಸಿ. ಆರ್ಟಿಕಲ್‌ಶಿಪ್‌ಗೆ ಬಂದ ಹುಡುಗಿ “ಸಾರ್, ಇದು ತಾಳೆ ಆಗುತ್ತಿಲ್ಲ” ಎಂದರೆ ಅವಳನ್ನು ಗದರಬೇಡಿ, ಕುರ್ಚಿ ಎಳೆದು ಪಕ್ಕದಲ್ಲಿ ಕೂತು ನೋಡಿ. ಉದ್ದಿಮೆದಾರರೇ, ನಿಮ್ಮ ಲೆಕ್ಕ ಕೆದಕುವವರನ್ನು ಹಗೆಯೆಂದು ಬಗೆಯಬೇಡಿ.

ನಾಳೆ ಕಡತ ಮುಂದೆ ಬಂದಾಗ, ಪೆನ್ನು ತೆಗೆಯುವ ಮೊದಲು, ಗಂಟನ್ನೊಮ್ಮೆ ಕೈಯಲ್ಲಿ ಎತ್ತಿ ನೋಡಿ. ಭಾರ ಹೆಚ್ಚೆನಿಸಿದರೆ ಬಾಯಿಬಿಟ್ಟು ಹೇಳಿ.