ಗಾಯ ಮಾಸಿತು, ನೋವು ಮಾಸಲಿಲ್ಲ

 

ಇವತ್ತು ಒಂದೇ ಒಂದು ಪ್ರಶ್ನೆ ಇಟ್ಕೊಂಡು ಬಂದಿದೀನಿ. ನೋವು ಇನ್ನೂ ಇರುವಾಗ "ನಾನು ವಾಸಿಯಾದೆ" ಅಂತ ಹೇಳೋದು ನಂಬಿಕೆಯೋ, ಸುಳ್ಳೋ? ಉತ್ತರಕ್ಕೆ ಹೋಗೋ ಮುಂಚೆ, ನಾನು ಮಾಡಿದ ಒಂದು ತಪ್ಪನ್ನ ನಿಮ್ಮ ಮುಂದೆ ಒಪ್ಕೋಬೇಕು.

ಮದ್ದೂರು ತಾಲ್ಲೂಕಿನ ಆತಗೂರಲ್ಲಿ ನಮ್ಮ ದೊಡ್ಡವ್ವ ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಕಳೆದ ವರ್ಷ ಕಬ್ಬು ಕಡಿಯೋ ಸಮಯದಲ್ಲಿ ಅವರಿಗೆ ಎಡಗಡೆ ಬೆನ್ನಿಂದ ಎದೆ ತನಕ ಉರಿ ಶುರುವಾಯ್ತು. ಎರಡು ಮೂರು ದಿನಕ್ಕೆ ಪಟ್ಟಿ ಕಟ್ಟಿದ ಹಾಗೆ ನೀರುಗುಳ್ಳೆ ಎದ್ದವು. ಊರಲ್ಲಿ ಇದಕ್ಕೆ ಸರ್ಪಸುತ್ತು ಅಂತಾರೆ. ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂತ ಹೆದರಿಸಿದವರಿದ್ದರು, ಕೆಮ್ಮಣ್ಣು ಹಚ್ಚಿ ಅಂದವರಿದ್ದರು. ಇದರಲ್ಲೇ ಒಂದು ವಾರ ಹೋಯ್ತು, ಆಮೇಲೆ ಡಾಕ್ಟರ್ ಹತ್ರ ಹೋದರು.

ಗುಳ್ಳೆ ಒಣಗಿ ಉದುರಿದವು. ಅದಾದ ಮೇಲೆ ಊರಿನ ಪ್ರಾರ್ಥನಾ ಕೂಟದಲ್ಲಿ ನಾನು ಮೈಕ್ ಹಿಡಿದು ಕೇಳಿದೆ, "ದೊಡ್ಡವ್ವ, ಕರ್ತನು ಪೂರ್ತಿ ವಾಸಿ ಮಾಡಿದ್ನಲ್ವಾ?" ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಹೂಂ ಕಣಪ್ಪ, ವಾಸಿ ಆಯ್ತು" ಅಂದರು. ಎಲ್ಲರೂ ಹಲ್ಲೆಲೂಯಾ ಅಂದರು. ಆ ಸಾಕ್ಷಿಯನ್ನ ನಾನು ಇಲ್ಲೂ ಹೇಳಿದೀನಿ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ನಾಲ್ಕು ತಿಂಗಳು ಬಿಟ್ಟು ಹೇಳದೆ ಕೇಳದೆ ಅವರ ಮನೆಗೆ ಹೋದೆ. ದೊಡ್ಡವ್ವ ಸಡಿಲವಾದ ನೈಟಿ ಹಾಕ್ಕೊಂಡು, ಬಟ್ಟೆ ಮೈಗೆ ತಾಗದ ಹಾಗೆ ಎಡಗಡೆ ಕೈಯಲ್ಲಿ ಎತ್ತಿ ಹಿಡ್ಕೊಂಡು ಕೂತಿದ್ದರು. ಸೆರಗು ತಾಗಿದರೆ ಕೆಂಡ ಇಟ್ಟ ಹಾಗಂತೆ. ಭಾನುವಾರ ಮಾತ್ರ ರವಿಕೆ ತೊಟ್ಟು, ಸೀರೆ ಉಟ್ಟು, ಹಲ್ಲು ಕಚ್ಚಿ ಕೂಟದಲ್ಲಿ ಕೂತು ಬರ್ತಿದ್ದರು.

"ಯಾಕೆ ಹೇಳಲಿಲ್ಲ ದೊಡ್ಡವ್ವ?" ಅಂದೆ.

"ಅಷ್ಟ್ ಜನದ ಮುಂದೆ ನೀನು ಹಂಗೆ ಕೇಳುದ್ರೆ ನಾನಿನ್ನೇನ್ ಹೇಳ್ಲಿ ಮಗ? ರಾತ್ರಿ ಮಾತ್ರೆನೂ ಬುಟ್ಬುಟ್ಟೆ. ವಾಸಿ ಆಯ್ತು ಅಂದ್ಮೇಲೆ ಮಾತ್ರೆ ನುಂಗುದ್ರೆ ಸುಳ್ಳಾಗಲ್ವಾ?"

ಪ್ರಿಯರೇ, ಆ ಮಾತು ನನ್ನನ್ನ ಚುಚ್ಚಿತು. ಅವರು ತಮ್ಮ ಸಾಕ್ಷಿಯನ್ನ ನಿಜ ಮಾಡೋಕೆ ಹೋಗಿ ಔಷಧಿ ಬಿಟ್ಟಿದ್ದರು. ಆ ಸಾಕ್ಷಿ ಬೇಕಾಗಿದ್ದು ಅವರಿಗಲ್ಲ, ನನಗೆ.

ಮಾರನೇ ದಿನ ಮಂಡ್ಯಕ್ಕೆ ಕರ್ಕೊಂಡು ಹೋದೆ. ಡಾಕ್ಟರ್ ವಿವರಿಸಿದರು. ಚಿಕ್ಕವರಿದ್ದಾಗ ಚಿಕನ್ ಪಾಕ್ಸ್, ನಮ್ಮ ಕಡೆ "ಅಮ್ಮ" ಅಂತಾರಲ್ಲ, ಅದೇ ವೈರಸ್ಸು ನರದ ಬುಡದಲ್ಲಿ ಸುಮ್ಮನೆ ಮಲಗಿರುತ್ತೆ. ವಯಸ್ಸಾಗಿ ಮೈಯ ಶಕ್ತಿ ಕುಗ್ಗಿದಾಗ ಒಂದು ನರ ಹಿಡಿದು ಹೊರಗೆ ಬರುತ್ತೆ. ಆ ನರ ಮೈಯ ಒಂದು ಪಕ್ಕದಲ್ಲಿ ಮಾತ್ರ ಹರಡಿರೋದರಿಂದ ಗುಳ್ಳೆ ಸಾಮಾನ್ಯವಾಗಿ ನಡುಗೆರೆ ದಾಟೋದಿಲ್ಲ. ಸರ್ಪದ ಶಾಪವೂ ಇಲ್ಲ, ಯಾರ ಪಾಪವೂ ಇಲ್ಲ. ಚರ್ಮ ಕೂಡಿಕೊಳ್ಳುತ್ತೆ, ಆದರೆ ಪೆಟ್ಟು ತಿಂದ ನರ ಕೆಲವರಲ್ಲಿ ಸುಳ್ಳು ಎಚ್ಚರಿಕೆ ಕೊಡ್ತಾನೇ ಇರುತ್ತೆ. ಫ್ಯಾನ್ ಗಾಳಿ ತಾಗಿದರೂ ಬೆಂಕಿ ಅನ್ನುತ್ತೆ. ಮೂರು ತಿಂಗಳು ದಾಟಿಯೂ ಉಳಿದರೆ ಅದು ಬೇರೆಯೇ ಕಾಯಿಲೆ. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ತರದ ಮಾತ್ರೆ ಅದನ್ನ ತಗ್ಗಿಸಬಹುದು, ಎಲ್ಲರಿಗೂ ಪೂರ್ತಿ ತೆಗೆಯೋದಿಲ್ಲ. ಡಾಕ್ಟರನ್ನ ಕೇಳದೆ ತಟ್ಟನೆ ನಿಲ್ಲಿಸಲೂಬಾರದು.

ಈಗ ಪ್ರಶ್ನೆಗೆ ಬರೋಣ. ಕೆಲವರು ಹೇಳ್ತಾರೆ, "ಪಾಸ್ಟರ್, ಬಾಯಲ್ಲಿ ನೋವು ಅಂದರೆ ನಂಬಿಕೆ ಹೋಗುತ್ತೆ, ವಾಸಿ ಅಂತಲೇ ಅರಿಕೆ ಮಾಡಬೇಕು." ಅವರ ಆಸೆ ನನಗೆ ಅರ್ಥ ಆಗುತ್ತೆ. ಆದರೆ ಎರಡು ಮಾತನ್ನ ನಾವು ಕಲಸಿಬಿಟ್ಟಿದೀವಿ. ನಿರೀಕ್ಷೆ ನಾಳೆಯ ಮಾತು. ಸಾಕ್ಷಿ ಇವತ್ತಿನ ಮಾತು. ನಾಳೆಯ ಬಗ್ಗೆ ಎಷ್ಟು ಬೇಕಾದರೂ ದೊಡ್ಡದಾಗಿ ನಂಬಿ. ಇವತ್ತಿನ ಬಗ್ಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಕೋರ್ಟಲ್ಲಿ ಕಾಣದ್ದನ್ನ ಕಂಡೆ ಅಂದವನಿಗೆ ನಂಬಿಗಸ್ತ ಅಂತಾರಾ? ಸುಳ್ಳುಸಾಕ್ಷಿ ಅಂತಾರೆ.

ಮಾರ್ಕನ ಸುವಾರ್ತೆ 8ನೇ ಅಧ್ಯಾಯ ತೆಗೀರಿ. ಬೇತ್ಸಾಯಿದದ ಕುರುಡ. ಯೇಸು ಒಂದು ಸಲ ಕೈ ಇಟ್ಟ ಮೇಲೆ ಕಾಣ್ತಿದೆಯಾ ಅಂತ ಅವನನ್ನೇ ಕೇಳಿದ. ಆ ಮನುಷ್ಯ ಪೂರ್ತಿ ಕಾಣ್ತಿದೆ ಅನ್ನಲಿಲ್ಲ. ಮಸುಕಾಗಿದೆ, ಜನ ಮರಗಳ ಹಾಗಿದ್ದಾರೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಯೇಸು ಅವನನ್ನ ಗದರಿಸಲಿಲ್ಲ, ನಿನಗೆ ನಂಬಿಕೆ ಇಲ್ಲ ಅನ್ನಲಿಲ್ಲ. ಮತ್ತೊಮ್ಮೆ ಕೈ ಇಟ್ಟ. ನನ್ನ ಪ್ರಶ್ನೆಯಲ್ಲಿ ಒಂದೇ ಉತ್ತರಕ್ಕೆ ಜಾಗ ಇತ್ತು. ಯೇಸುವಿನ ಪ್ರಶ್ನೆಯಲ್ಲಿ "ಇನ್ನೂ ಇಲ್ಲ" ಅನ್ನೋದಕ್ಕೂ ಜಾಗ ಇತ್ತು.

ಹಾಗಾದರೆ ದೊಡ್ಡವ್ವ ಹೇಳಿದ್ದು ಸುಳ್ಳಾ? ಹೌದು. ತಪ್ಪು ಯಾರದ್ದು? ನಿಜ ಹೇಳೋಕೆ ಜಾಗ ಕೊಡದೆ ಇದ್ದ ನನ್ನದು. ಕಾಣದ ನೋವು ಇರೋರಿಗೆ ಎರಡು ಭಾರ: ಒಂದು ನೋವು, ಇನ್ನೊಂದು ಅದನ್ನ ಬೇರೆಯವರಿಗೆ ನಂಬಿಸೋದು. ಮೊದಲನೇದನ್ನ ನಾವು ತೆಗೆಯೋಕೆ ಆಗದೆ ಇರಬಹುದು. ಎರಡನೇದನ್ನ ಇವತ್ತೇ ತೆಗೆಯಬಹುದು, ದುಡ್ಡೂ ಬೇಕಾಗಿಲ್ಲ.

ನಿಮ್ಮಲ್ಲಿ ತುಂಬಾ ಜನರ ಅಪ್ಪ ಅಮ್ಮ ಊರಲ್ಲಿದ್ದಾರೆ. ಫೋನಲ್ಲಿ "ಚೆನ್ನಾಗಿದೀರಲ್ವಾ?" ಅಂದರೆ "ಹೂಂ" ಅಂತಲೇ ಅಂತಾರೆ. "ರಾತ್ರಿ ನಿದ್ದೆ ಬಂತಾ? ಎಲ್ಲಿ ನೋಯುತ್ತೆ?" ಅಂತ ಕೇಳಿ. ಒಂದೇ ಪಕ್ಕ ಉರಿ, ಗುಳ್ಳೆ ಅಂದರೆ ಮಣ್ಣು ಹಚ್ಚೋಕೆ ಬಿಡಬೇಡಿ. 72 ಗಂಟೆ ಒಳಗೆ ವೈರಸ್ಸಿನ ಔಷಧಿ ಶುರುವಾದರೆ ಒಳ್ಳೇದು. 50 ದಾಟಿದವರಿಗೆ ಲಸಿಕೆನೂ ಇದೆ, ಎರಡು ಡೋಸ್. ದುಬಾರಿ, ಆದರೂ ಡಾಕ್ಟರನ್ನ ಕೇಳಿ.

ದೊಡ್ಡವ್ವ ಮತ್ತೆ ಮಾತ್ರೆ ತಗೊಳ್ತಿದ್ದಾರೆ. ನೋವು ಅರ್ಧ ತಗ್ಗಿದೆ, ಅರ್ಧ ಇದೆ. ಹೋದ ತಿಂಗಳು ಕೂಟಕ್ಕೆ ನೈಟಿ ಮೇಲೆ ಟವೆಲ್ ಹೊದ್ಕೊಂಡೇ ಬಂದರು. ಸಾಕ್ಷಿ ಸಮಯದಲ್ಲಿ ಎದ್ದು ನಿಂತು, "ಇವತ್ತೂ ಉರೀತಾ ಅದೆ. ಆದ್ರೂ ಬಂದಿವ್ನಿ. ಸ್ತೋತ್ರ" ಅಂದು ಕೂತರು. ಯಾರೂ ಚಪ್ಪಾಳೆ ಹೊಡೀಲಿಲ್ಲ. ಪಕ್ಕದಲ್ಲಿದ್ದ ಅಕ್ಕ ಒಬ್ಬರು ಅವರ ಬಲಗೈ ಹಿಡ್ಕೊಂಡರು. ಎಡಗಡೆ ಮುಟ್ಟಬಾರದು ಅಂತ ಅವರಿಗೆ ಈಗ ಗೊತ್ತಿತ್ತು.

ಬನ್ನಿ, ಪ್ರಾರ್ಥಿಸೋಣ. ಇವತ್ತು ನೋವಲ್ಲಿ ಇರೋರು ನೋವಿದೆ ಅಂತಲೇ ಹೇಳಿ. ಆಮೆನ್.