ಕಾಣಬೇಕೆಂದವನಿಗೆ ಕಂಡದ್ದು

ಒಂದು ಅಭಿಪ್ರಾಯವನ್ನು ಒಮ್ಮೆ ಅಂಗೀಕರಿಸಿದ ಬುದ್ಧಿಯು ಅದಕ್ಕೆ ಅನುಕೂಲವಾದುದನ್ನೆಲ್ಲ ಆದರದಿಂದ ಬರಮಾಡಿಕೊಂಡು, ಪ್ರತಿಕೂಲವಾದುದು ಎಷ್ಟೇ ಬಲವತ್ತರವಾಗಿದ್ದರೂ ಅದನ್ನು ಕಾಣದೆಯೋ, ಕಂಡರೂ ಅಪವಾದವೆಂದು ಬದಿಗಿಟ್ಟೋ ಮುಂದೆ ಸಾಗುವುದೆಂಬುದನ್ನು ಆಂಗ್ಲ ತತ್ತ್ವಜ್ಞನಾದ ಫ್ರಾನ್ಸಿಸ್ ಬೇಕನ್ 1620ರಲ್ಲಿಯೇ ತನ್ನ 'ನೋವಮ್ ಆರ್ಗನಮ್' ಗ್ರಂಥದಲ್ಲಿ ನಿರೂಪಿಸಿದ್ದನು. ಹಡಗೊಡೆದಾಗ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ದೇವಾಲಯವೊಂದರಲ್ಲಿ ತೋರಿಸಿ, ಇನ್ನಾದರೂ ದೇವರ ಮಹಿಮೆಯನ್ನು ಒಪ್ಪುವೆಯಾ ಎಂದವರಿಗೆ, ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಮರುಪ್ರಶ್ನೆ ಹಾಕಿದವನೊಬ್ಬನ ಪುರಾತನ ಕಥೆಯನ್ನು ಅವನು ಅಲ್ಲಿ ಉದಾಹರಿಸುತ್ತಾನೆ. ಸ್ವಮತಪಕ್ಷಪಾತವೆನ್ನಬಹುದಾದ ಈ ದೋಷದ ಲಕ್ಷಣವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ.

ವಿಧಿಯ ವಿನೋದವೆಂದರೆ, ಸಾಹಿತ್ಯಲೋಕದಲ್ಲಿ ಈ ದೋಷದ ವಿಪುಲವಾದ ನಿದರ್ಶನವೊಂದು ಬೇಕನ್ನನ ಹೆಸರಿನಲ್ಲಿಯೇ ಬೆಳೆಯಿತು. ಶೇಕ್ಸ್‌ಪಿಯರನ ನಾಟಕಗಳನ್ನು ಬರೆದವನು ಬೇಕನ್ನನೇ ಎಂದು ನಂಬಿದ್ದ ಅಮೆರಿಕದ ರಾಜಕಾರಣಿ ಇಗ್ನೇಷಿಯಸ್ ಡಾನೆಲಿಯು 1888ರಲ್ಲಿ ಸುಮಾರು ಸಾವಿರ ಪುಟಗಳ ಗ್ರಂಥವನ್ನು ಪ್ರಕಟಿಸಿ, 1623ರ ಫೋಲಿಯೋ ಮುದ್ರಣದ 'ನಾಲ್ಕನೆಯ ಹೆನ್ರಿ' ನಾಟಕಗಳಲ್ಲಿ ಪದಗಳನ್ನೆಣಿಸುತ್ತ ಹೋದರೆ ಬೇಕನ್ನನ ಗೂಢಸಂದೇಶವು ಹೊರಬೀಳುವುದೆಂದು ಸಾಧಿಸಹೊರಟನು. ಎಣಿಕೆಗೆ ನಿಯಮವೇನೋ ಇದ್ದಿತು. ಆದರೆ ಆವರಣಚಿಹ್ನೆಯೊಳಗಿನ ಪದಗಳನ್ನು ಒಂದೆಡೆ ಬಿಟ್ಟು ಇನ್ನೊಂದೆಡೆ ಸೇರಿಸುವ, ಜೋಡುಪದವನ್ನು ಇಲ್ಲಿ ಒಂದೆಂದೂ ಅಲ್ಲಿ ಎರಡೆಂದೂ ಗಣಿಸುವ ಸ್ವಾತಂತ್ರ್ಯವನ್ನೂ ಅವನು ಇಟ್ಟುಕೊಂಡಿದ್ದನು. ಅವನನ್ನು ವಂಚಕನೆನ್ನುವುದು ಅನ್ಯಾಯ. ಅಷ್ಟು ಶ್ರಮಪಟ್ಟ ಆ ಮನುಷ್ಯನು ತಾನು ಹುಡುಕುತ್ತಿರುವೆನೆಂದೇ ತಿಳಿದಿದ್ದನು, ಕಟ್ಟುತ್ತಿರುವೆನೆಂದಲ್ಲ. ಅದೇ ವರ್ಷ ನಿಕಲ್ಸನ್ ಎಂಬ ಪಾದ್ರಿಯು ಅವನ ಪದ್ಧತಿಯನ್ನೇ ಹಿಡಿದು, ನಾಟಕವನ್ನು ಬರೆದವನು ಶೇಕ್ಸ್‌ಪಿಯರನೇ ಎಂಬ ಸಂದೇಶವನ್ನು ಹೊರತೆಗೆದು ತೋರಿಸಿದನು. ಡಾನೆಲಿಯ ನಂಬಿಕೆ ಅಲುಗಲಿಲ್ಲ. 1899ರಲ್ಲಿ ಶೇಕ್ಸ್‌ಪಿಯರನ ಸಮಾಧಿಯ ಕಲ್ಲನ್ನೂ ಸಾಕ್ಷ್ಯಕ್ಕೆ ಸೇರಿಸಿಕೊಂಡು ಮತ್ತೊಂದು ಪುಸ್ತಕವನ್ನು ಹೊರತಂದನು.

ಕಾವ್ಯವು ಬಹ್ವರ್ಥಗರ್ಭಿತವಾದುದು, ವ್ಯಾಖ್ಯಾನಕಾರನಿಗೆ ಸ್ವಾತಂತ್ರ್ಯ ಬೇಡವೇ ಎನ್ನಬಹುದು. ಬೇಕು, ಆದರೆ ಕೃತಿಯ ಯಾವ ಪಂಕ್ತಿಯೂ ಎದುರಾಡಲಾರದಂತೆ ಹೆಣೆದ ವ್ಯಾಖ್ಯಾನವು ಆ ಕೃತಿಯನ್ನು ಕುರಿತು ಏನನ್ನೂ ಹೇಳಿರುವುದಿಲ್ಲವೆಂಬುದು ನನ್ನ ಎಣಿಕೆ.

ಮನೆವಾರ್ತೆಯಲ್ಲಿ ಇದೇ ದೋಷ ಇಷ್ಟು ನಿರಪಾಯಕರವಲ್ಲ. ಹೊಸ ಸೊಸೆಯ ಕಾಲ್ಗುಣ ಒಳ್ಳೆಯದಲ್ಲವೆಂಬುದು ಅತ್ತೆಯ ಮನಸ್ಸನ್ನು ಒಮ್ಮೆ ಹೊಕ್ಕಿತೆಂದರೆ, ಹಸು ಬತ್ತಿದ್ದು, ಮಾವನವರಿಗೆ ಜ್ವರ ಬಂದದ್ದು, ಜಮೀನಿನ ವ್ಯಾಜ್ಯ ಸೋತದ್ದು ಎಲ್ಲವೂ ಸಾಕ್ಷಿಗಳಾಗಿ ಬಂದು ನಿಲ್ಲುತ್ತವೆ. ಅದೇ ವರ್ಷ ಮಗನಿಗೆ ದೊರೆತ ಬಡ್ತಿಯು ಮಾತ್ರ ಅವನ ಜಾತಕಬಲಕ್ಕೆ ಸಲ್ಲುತ್ತದೆ.

ನಮ್ಮ ನೈಯಾಯಿಕರು ಈ ವಿಷಯದಲ್ಲಿ ಬಹು ಜಾಗರೂಕರು. ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಸಂಬಂಧವನ್ನು ನಿಶ್ಚಯಿಸಲು ಅವೆರಡೂ ಒಟ್ಟಿಗಿರುವುದನ್ನು ಕಂಡರಷ್ಟೇ ಸಾಲದು, ವ್ಯಭಿಚಾರವು, ಎಂದರೆ ನಿಯಮ ತಪ್ಪಿದ ಸ್ಥಳವು, ಕಾಣದಿರಬೇಕೆಂದು ಅವರು ವಿಧಿಸಿದರು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಊರಿನ ಒಲೆಗಳನ್ನೆಲ್ಲ ತೋರಿಸಿಕೊಂಡು ಬಂದವನ ಮುಂದೆ, ಹೊಗೆಯೇ ಇಲ್ಲದ ಕಾದ ಕಬ್ಬಿಣದ ಗುಂಡೊಂದನ್ನು ಅವರು ತಂದಿಡುತ್ತಾರೆ. ಆ ಅತ್ತೆಯ ಲೆಕ್ಕದಲ್ಲಿ ಅಂಥ ಗುಂಡೆಂದರೆ, ಸೊಸೆಯಿನ್ನೂ ಮನೆ ತುಂಬದ ವರ್ಷಗಳಲ್ಲಿ ಬತ್ತಿದ ಹಸು.